ದ್ವೀಪದ ದಾರಿಗೆ ದುಡ್ಡು ಎಲ್ಲಿಂದ?

ಶಾಂತಸಾಗರದ ಹವಾಯಿ ದ್ವೀಪಸ್ತೋಮದಲ್ಲಿ ಒವಾಹು ಎಂಬುದೊಂದು ದ್ವೀಪ. ವಿಸ್ತೀರ್ಣ ಸುಮಾರು 600 ಚದರ ಮೈಲಿ. 2020ರ ಜನಗಣತಿಯಂತೆ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಹೆಚ್ಚು. ರಾಜಧಾನಿ ಹೊನೊಲುಲು ಇರುವುದು ಇಲ್ಲಿಯೇ. ಅಲ್ಲಿಂದ ಅಮೆರಿಕದ ಭೂಖಂಡಕ್ಕೆ ಎರಡು ಸಾವಿರ ಮೈಲಿಗೂ ಮಿಕ್ಕಿದ ಸಮುದ್ರವಿದೆ. ಆದರೂ ಈ ದ್ವೀಪದಲ್ಲಿ ‘ಅಂತರ ಸಂಸ್ಥಾನ ಹೆದ್ದಾರಿ’ ಎಂಬ ಹೆಸರಿನ ರಸ್ತೆಗಳುಂಟು! ಯಾವ ಸಂಸ್ಥಾನದಿಂದ ಯಾವ ಸಂಸ್ಥಾನಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಹೆಸರಿನ ಗುಟ್ಟು ತಿಳಿಯುತ್ತದೆ.

1956ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಪೆಟ್ರೋಲಿನ ತೆರಿಗೆಯನ್ನು ಹೆದ್ದಾರಿಗಳಿಗಾಗಿಯೇ ಪ್ರತ್ಯೇಕ ನಿಧಿಯಲ್ಲಿ ಕೂಡಿಡಲು ಆರಂಭಿಸಿತು. ಅಂತರ ಸಂಸ್ಥಾನ ಹೆದ್ದಾರಿಯಾದರೆ ನೂರಕ್ಕೆ ತೊಂಬತ್ತು ಪಾಲು ಕೇಂದ್ರದ್ದು. ಸಂಸ್ಥಾನ ಕೊಡಬೇಕಾದದ್ದು ಹತ್ತೇ ಪಾಲು. ಹವಾಯಿ 1959ರಲ್ಲಿ ಪೂರ್ಣ ಸಂಸ್ಥಾನವಾಯಿತು. ಮರುವರ್ಷವೇ ಕಾನೂನಿನ ಮೂಲಕ ಈ ವ್ಯವಸ್ಥೆಯೊಳಗೆ ಸೇರಿತು. ಸೇನಾನೆಲೆಗಳನ್ನು ಜೋಡಿಸುವ ಅಗತ್ಯವೂ ಒತ್ತಾಸೆಯಾಯಿತು. ಹೀಗೆ ಎಚ್-1, ಎಚ್-2, ಎಚ್-3 ಎಂಬ ಮೂರು ಹೆದ್ದಾರಿಗಳು ಹುಟ್ಟಿದವು.

ಆದರೆ ಕೇಂದ್ರದ ಹಣ ಕೇಳಿದೊಡನೆ ಬರುವಂಥದಲ್ಲ. 1962ರ ಕಾನೂನಿನಂತೆ ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ನಗರಪ್ರದೇಶವು ಸಂಸ್ಥಾನ ಮತ್ತು ಸ್ಥಳೀಯ ಆಡಳಿತಗಳೆರಡೂ ಕೂಡಿ ಮಾಡಿದ ಯೋಜನೆಯನ್ನು ಮುಂದಿಟ್ಟರೆ ಮಾತ್ರ ಹೆದ್ದಾರಿಗೆ ಹಣ. ಒವಾಹುವಿನಲ್ಲಿ ಇದಕ್ಕೊಂದು ಯೋಜನಾ ಮಂಡಲಿ ಇದೆ. ಸಂಸ್ಥಾನದ ಶಾಸಕರು, ನಗರಸಭೆಯ ಸದಸ್ಯರು, ಎರಡೂ ಕಡೆಯ ಸಾರಿಗೆ ಇಲಾಖೆಗಳ ಮುಖ್ಯಸ್ಥರು ಅಲ್ಲಿ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಇವರು ಸಿದ್ಧಪಡಿಸುವ ಕಾಗದಗಳಲ್ಲಿ ಎರಡು ಮುಖ್ಯ. ಒಂದು, ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲದ ದೂರದ ಯೋಜನೆ. ಇನ್ನೊಂದು, ಮುಂದಿನ ನಾಲ್ಕು ವರ್ಷಗಳಲ್ಲಿ ಆಗತಕ್ಕ ಕೆಲಸಗಳ ಪಟ್ಟಿ. ಪಟ್ಟಿಯಲ್ಲಿ ಹೆಸರಿಲ್ಲದ ಕಾಮಗಾರಿಗೆ ಕೇಂದ್ರದ ಬಿಡಿಗಾಸೂ ಇಲ್ಲ. 1991ರ ಕಾನೂನು ಇನ್ನೂ ಒಂದು ಗಂಟು ಹಾಕಿತು: ಬರಬಹುದೆಂದು ನಂಬಲು ತಕ್ಕ ಕಾರಣವಿರುವ ಹಣದ ಮೇರೆಯನ್ನು ಪಟ್ಟಿಯ ಮೊತ್ತ ಮೀರಕೂಡದು. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ನಿಯಮ. ಆಸೆಗಳ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಹುದಷ್ಟೆ!

ಹಣದ ಹಿಂದೆ ಷರತ್ತುಗಳೂ ಬರುತ್ತವೆ. ಕೋಒಲಾವು ಬೆಟ್ಟಸಾಲನ್ನು ಕೊರೆದು ಹೋಗುವ ಎಚ್-3 ಹೆದ್ದಾರಿಯ ಕಥೆ ಇದಕ್ಕೆ ಸಾಕ್ಷಿ. ಅದು ಹಾದುಹೋಗುವ ಹಾಲಾವ ಕಣಿವೆ ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರವಾದ ಸ್ಥಳ. ಉದ್ಯಾನಗಳನ್ನೂ ಚಾರಿತ್ರಿಕ ಸ್ಥಳಗಳನ್ನೂ ಕಾಯುವ ಕೇಂದ್ರದ ಕಾನೂನನ್ನು ಹಿಡಿದು ಜನ ನ್ಯಾಯಾಲಯದಲ್ಲಿ ಕೆಲಸವನ್ನು ತಡೆದರು. ಆಗ, 1986ರಲ್ಲಿ, ಆ ಕಾನೂನು ಈ ರಸ್ತೆಗೆ ಅನ್ವಯಿಸದೆಂದು ಅಮೆರಿಕದ ಸಂಸತ್ತೇ ವಿನಾಯಿತಿ ಕೊಟ್ಟುಬಿಟ್ಟಿತು. 1997ರ ಡಿಸೆಂಬರಿನಲ್ಲಿ ರಸ್ತೆ ತೆರೆಯಿತು. ಸುಮಾರು 16 ಮೈಲಿಗೆ ತಗುಲಿದ ವೆಚ್ಚ ಸುಮಾರು 130 ಕೋಟಿ ಡಾಲರು. ಷರತ್ತು ಹಾಕಿದವರೇ ಷರತ್ತನ್ನು ಸಡಿಲಿಸಿದರು. ಕಣಿವೆಯವರ ಮಾತು ಅಷ್ಟು ದೂರ ಮುಟ್ಟಲಿಲ್ಲ.

ರೈಲಿನ ವಿಷಯ ಬೇರೆ. ನೆಲದಿಂದ ಮೇಲೆ ಕಂಬಗಳ ಮೇಲೆ ಓಡುವ ರೈಲಿಗೆ 2012ರಲ್ಲಿ ಕೇಂದ್ರ ಒಪ್ಪಿಕೊಂಡ ನೆರವು 155 ಕೋಟಿ ಡಾಲರು. ಆಗಿನ ಅಂದಾಜು ವೆಚ್ಚ 512 ಕೋಟಿ. ಉಳಿದದ್ದನ್ನು ದ್ವೀಪವೇ ಹೊಂದಿಸಬೇಕು. ಅದಕ್ಕಾಗಿ 2007ರಿಂದಲೇ ವ್ಯಾಪಾರ ತೆರಿಗೆಯ ಮೇಲೆ ನೂರಕ್ಕೆ ಅರ್ಧದಂತೆ ಹೆಚ್ಚುವರಿ ಕರ ಬಿದ್ದಿತ್ತು. ಅರ್ಧವೆಂದರೆ ಅಲ್ಪವೆಂದು ತೋರಬಹುದು. ಆದರೆ ಅಲ್ಲಿ ಈ ತೆರಿಗೆ ಅಂಗಡಿಯ ಅಕ್ಕಿಗೂ ಉಂಟು, ಮನೆಬಾಡಿಗೆಗೂ ಉಂಟು. ವಿಹಾರಕ್ಕೆ ಬಂದವರೂ ಕೊಡುತ್ತಾರೆ, ನಿಜ. ಆದರೆ ಬಡವನ ಗಳಿಕೆಯಲ್ಲಿ ಅದು ಕೊರೆಯುವ ಪಾಲು ಸಿರಿವಂತನಿಗಿಂತ ದೊಡ್ಡದು. ಮಾರ್ಗದುದ್ದಕ್ಕೂ ಪೂರ್ವಿಕರ ಸಮಾಧಿಗಳ ಸಮೀಕ್ಷೆ ಮುಗಿಯದೆ ಕೆಲಸ ಹಿಡಿದದ್ದು ತಪ್ಪೆಂದು 2012ರಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದರಿಂದ ಕಟ್ಟಡದ ಕೆಲಸ ಸುಮಾರು ಒಂದು ವರ್ಷ ನಿಂತಿತು. ವೆಚ್ಚವೂ ಬೆಳೆಯುತ್ತ ಬೆಳೆಯುತ್ತ ಸಾವಿರ ಕೋಟಿಯ ಆಸುಪಾಸಿಗೆ ಬಂತು. ಕೇಂದ್ರವು ನೆರವಿನ ಸುಮಾರು ಅರ್ಧವನ್ನು ತಡೆಹಿಡಿದು, ಹಣದ ದಾರಿ ತೋರಿಸಿರೆಂದಿತು. 2017ರ ಕಾನೂನು ಹೆಚ್ಚುವರಿ ಕರವನ್ನು 2030ರವರೆಗೆ ಬೆಳೆಸಿ, ವಸತಿಗೃಹಗಳ ತೆರಿಗೆಯನ್ನೂ ಏರಿಸಿತು.

ಮೊದಲ ಭಾಗ 2023ರ ಜೂನ್ 30ರಂದು ತೆರೆಯಿತು; ವಿಮಾನನಿಲ್ದಾಣವನ್ನು ಮುಟ್ಟುವ ಎರಡನೆಯದು 2025ರ ಅಕ್ಟೋಬರಿನಲ್ಲಿ. ಆದರೆ ಹಣ ಸಾಲದೆಂದು 2022ರ ಪರಿಷ್ಕೃತ ಯೋಜನೆಯಲ್ಲಿ ಕೊನೆಯ ನಿಲ್ದಾಣಗಳೆರಡನ್ನು ಕೈಬಿಟ್ಟು ಮಾರ್ಗವನ್ನು ಮೊಟಕು ಮಾಡಲಾಯಿತು. 2006ರಲ್ಲಿ ನಗರಸಭೆ ಒಪ್ಪಿದ ಮೂಲಮಾರ್ಗ ಮಾನೋವದ ವಿಶ್ವವಿದ್ಯಾನಿಲಯದವರೆಗೂ ಇತ್ತು. ಅಲ್ಲಿನ ವಿದ್ಯಾರ್ಥಿ ಮಧ್ಯಾಹ್ನದ ಊಟ ಕೊಂಡಾಗಲೆಲ್ಲ ರೈಲಿನ ಕರ ಕೊಡುತ್ತಾನೆ. ಪಾಠಕ್ಕೆ ಹೋಗಲು ಮಾತ್ರ ಬಸ್ಸನ್ನೇ ಹಿಡಿಯಬೇಕು.