ಬೋಟಿಗೆ ಇನ್ವರ್ಟರ್ ಹಾಕಿಸುವ ಮುನ್ನ ಈ ಲೆಕ್ಕ ಗೊತ್ತಿರಲಿ

ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೊರಡುವ ಮೀನುಗಾರಿಕಾ ಬೋಟುಗಳು ದಡಕ್ಕೆ ಮರಳುವುದು ಎಷ್ಟೋ ಬಾರಿ ವಾರ, ಹತ್ತು ದಿನಗಳ ನಂತರವೇ. ಅಷ್ಟೂ ದಿನ ಬೋಟೇ ಮನೆ. ಮಿಕ್ಸಿ, ಟಿವಿ, ಫ್ಯಾನ್ ಬೇಕೆನಿಸುವುದು ಸಹಜ. "ಹೇಗೂ ಬ್ಯಾಟರಿ ಇದೆ, ಒಂದು ಇನ್ವರ್ಟರ್ ಜೋಡಿಸಿದರೆ ಆಯಿತಲ್ಲ" ಎಂದುಕೊಳ್ಳುವವರೂ ಇದ್ದಾರೆ. ಆದರೆ ವಿಷಯ ಅಷ್ಟು ಸರಳವಲ್ಲ.

ಇನ್ವರ್ಟರ್ ವಿದ್ಯುತ್ತನ್ನು ತಯಾರಿಸುತ್ತದೆಯೇ?

ಇಲ್ಲ. ಬ್ಯಾಟರಿಯ 12 ಅಥವಾ 24 ವೋಲ್ಟ್ ಡಿಸಿ ವಿದ್ಯುತ್ತನ್ನು ಮನೆಬಳಕೆಯ 230 ವೋಲ್ಟ್ ಎಸಿಯಾಗಿ ಬದಲಿಸುವುದಷ್ಟೇ ಅದರ ಕೆಲಸ. ಈ ಬದಲಾವಣೆಯಲ್ಲಿ ಶೇ. 10ರಿಂದ 15ರಷ್ಟು ಶಾಖವಾಗಿ ನಷ್ಟವಾಗುತ್ತದೆ. ಬ್ಯಾಟರಿಯನ್ನು ಮತ್ತೆ ತುಂಬಿಸಲು ಎಂಜಿನ್ನಿನ ಆಲ್ಟರ್ನೇಟರ್ ಓಡಲೇಬೇಕು.

ಮಿಕ್ಸಿಯಿಂದ ವೈರಿಗೆ ಅಪಾಯ

750 ವ್ಯಾಟ್ ಮಿಕ್ಸಿ ಮನೆಯಲ್ಲಿ ಎಳೆಯುವ ಕರೆಂಟ್ ಸುಮಾರು 3 ಆಂಪಿಯರ್. ಅದೇ ಮಿಕ್ಸಿಗಾಗಿ ಇನ್ವರ್ಟರ್ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ! ವೋಲ್ಟೇಜ್ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚಬೇಕು. ಮನೆ ವೈರಿಂಗಿನ 2.5 ಚದರ ಮಿ.ಮೀ. ವೈರನ್ನು ಇಲ್ಲಿ ಹಾಕಿದರೆ ಅದು ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಬೆಂಕಿ ಹತ್ತಬಹುದು. 12 ವೋಲ್ಟಿನ 1000 ವ್ಯಾಟ್ ಇನ್ವರ್ಟರಿಗೆ ಬ್ಯಾಟರಿಯಿಂದ ಒಂದೆರಡು ಮೀಟರ್ ದೂರಕ್ಕೂ ಸುಮಾರು 35 ಚದರ ಮಿ.ಮೀ. ದಪ್ಪದ ತಾಮ್ರದ ಕೇಬಲ್ ಬೇಕು. ಪಾಸಿಟಿವ್ ಕೇಬಲಿಗೆ ಬ್ಯಾಟರಿಯ ಪಕ್ಕದಲ್ಲೇ, ಡಿಸಿಗೆಂದೇ ತಯಾರಾದ ಫ್ಯೂಸ್ ಇರಲೇಬೇಕು.

ಟಿವಿ, ಫ್ಯಾನಿನಿಂದ ಬ್ಯಾಟರಿಗೆ ಅಪಾಯ

ಮಿಕ್ಸಿ ಐದು ನಿಮಿಷದಲ್ಲಿ ನಿಲ್ಲುತ್ತದೆ. ರಾತ್ರಿ ಎಂಜಿನ್ ಆಫ್ ಮಾಡಿದ ಮೇಲೂ ಓಡುವ ಟಿವಿ, ಫ್ಯಾನುಗಳೇ ಬ್ಯಾಟರಿಯನ್ನು ಬರಿದು ಮಾಡುವವು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಅವರ್. ಸೀಸ-ಆಮ್ಲ ಬ್ಯಾಟರಿ ಹೆಚ್ಚು ದಿನ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಉಳಿದ 900ರಲ್ಲಿ ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 780. ಒಟ್ಟು 200 ವ್ಯಾಟಿನ ಟಿವಿ, ಫ್ಯಾನುಗಳಿಗೆ ಅದು ನಾಲ್ಕು ಗಂಟೆಗೆ ಮುಗಿಯಿತು.

ಎಂಜಿನ್ ಸ್ಟಾರ್ಟ್ ಮಾಡುವುದೂ, ವೈರ್‌ಲೆಸ್ ನಡೆಯುವುದೂ ಇದೇ ಬ್ಯಾಟರಿಯಿಂದಾದರೆ? ಬೆಳಗ್ಗೆ ಎಂಜಿನ್ ಏಳುವುದಿಲ್ಲ, ಸಹಾಯಕ್ಕೆ ಕರೆಯಲೂ ಆಗುವುದಿಲ್ಲ, ಬೋಟು ಗಾಳಿ ಎಳೆದತ್ತ ಹೋಗುತ್ತದೆ. ಅದಕ್ಕೇ ಇನ್ವರ್ಟರಿಗೆ ಪ್ರತ್ಯೇಕ ಬ್ಯಾಟರಿ ಇಡಬೇಕು. ಸ್ಟಾರ್ಟಿಂಗ್ ಬ್ಯಾಟರಿಯನ್ನು ಬೇರಾವುದಕ್ಕೂ ಮುಟ್ಟಬಾರದು.

ಎಲ್ಲಿ ಇಡಬೇಕು?

ಉಪ್ಪುನೀರು ಸಿಡಿಯದ, ಗಾಳಿಯಾಡುವ ಜಾಗದಲ್ಲಿ. ಆದರೆ ಬ್ಯಾಟರಿಯ ಪೆಟ್ಟಿಗೆಯೊಳಗೆ ಬೇಡ. ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಇನ್ವರ್ಟರಿನ ಒಂದು ಕಿಡಿ ಸಾಕು, ಅದು ಸಿಡಿಯಲು. ಇನ್ನು, ಹೊರಬರುವ 230 ವೋಲ್ಟ್ ಒದ್ದೆ ಡೆಕ್ಕಿನ ಮೇಲೆ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಜೋಡಣೆಯನ್ನು ಬೋಟಿನ ವೈರಿಂಗ್ ಬಲ್ಲವರಿಂದಲೇ ಮಾಡಿಸಿ.

ಎಷ್ಟು ವ್ಯಾಟಿನ ಇನ್ವರ್ಟರ್ ಎಂದು ಅಂಗಡಿಯಲ್ಲಿ ಕೇಳುವ ಮೊದಲು, ಯಾವ ಉಪಕರಣ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದು ಆ ಚೀಟಿಯಲ್ಲೇ ಇರುತ್ತದೆ.