ರನ್‌ವೇ ಉದ್ದವಾಯಿತು, ವಿಮಾನ ನಿಲ್ಲಬೇಕಿದೆ: ಹುಬ್ಬಳ್ಳಿ ನಿಲ್ದಾಣದ ಅರ್ಧ ಶತಮಾನ

ಗದಗ: ಗದಗ ಜಿಲ್ಲೆಯವರಿಗೆ ವಿಮಾನ ಏರಬೇಕೆಂದರೆ ಹುಬ್ಬಳ್ಳಿಯೇ ಹತ್ತಿರದ ದಾರಿ. ಗದಗ-ಬೆಟಗೇರಿಯಿಂದ ಸುಮಾರು 58 ಕಿ.ಮೀ. ದೂರದಲ್ಲಿರುವ ಈ ನಗರದ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಂತೂರ-ಬೆಂತೂರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಪ್ರಯಾಣಿಕರೂ ಬರುತ್ತಾರೆ. ಐದು ದಶಕಗಳಲ್ಲಿ ಹಲವು ಬಾರಿ ಕಣ್ಣು ಬಿಟ್ಟು, ಹಲವು ಬಾರಿ ಕಣ್ಣು ಮುಚ್ಚಿದ ನಿಲ್ದಾಣವಿದು. ಇಂದು ಇಲ್ಲಿ ಏರ್‌ಬಸ್ ಇಳಿಯಬಲ್ಲ ರನ್‌ವೇ ಇದೆ. ಮತ್ತೊಂದು ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯೂ ಆಗಿದೆ. ಆದರೆ ಕಟ್ಟಡ ಬೆಳೆದ ಮಾತ್ರಕ್ಕೆ ವಿಮಾನಗಳು ಉಳಿಯುವುದಿಲ್ಲ ಎಂಬುದನ್ನು ಈ ನಿಲ್ದಾಣದ ಇತಿಹಾಸವೇ ಹೇಳುತ್ತದೆ.

ಗಣ್ಯರಿಗಾಗಿ ಹುಟ್ಟಿದ ನೆಲೆ

ಹುಬ್ಬಳ್ಳಿಯಲ್ಲಿ ವಿಮಾನ ಇಳಿದಾಣದ ಕಾಮಗಾರಿಯನ್ನು ರಾಜ್ಯ ಲೋಕೋಪಯೋಗಿ ಇಲಾಖೆ 1974ರಲ್ಲಿ ಕೈಗೆತ್ತಿಕೊಂಡಿತು. ಆಗ ಅದರ ಉದ್ದೇಶ ಸೀಮಿತವಾಗಿತ್ತು. ಈ ಭಾಗಕ್ಕೆ ಭೇಟಿ ನೀಡುವ ಗಣ್ಯರ ಸಣ್ಣ ವಿಮಾನಗಳು ಇಳಿದರೆ ಸಾಕಿತ್ತು. ಸಾರ್ವಜನಿಕ ಸಾರಿಗೆಯ ಕಲ್ಪನೆ ಅದರಲ್ಲಿರಲಿಲ್ಲ. ಮುಂದೆ ನಿಲ್ದಾಣದ ನಿರ್ವಹಣೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಬಂದಿತು.

ಜನಸಾಮಾನ್ಯರಿಗೆ ಈ ನಿಲ್ದಾಣದ ಹೆಸರು ಪರಿಚಯವಾದದ್ದು 2003ರಲ್ಲಿ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಆ ವರ್ಷದ ಆಗಸ್ಟ್‌ನಲ್ಲಿ ಕಾರ್ಯಾರಂಭ ಮಾಡಿತು. ದೇಶದ ಮೊದಲ ಅಗ್ಗದ ದರದ ವಿಮಾನ ಸಂಸ್ಥೆಯೆನಿಸಿದ ಅದು ತನ್ನ ಆರಂಭದ ಮಾರ್ಗಗಳಲ್ಲೇ ಬೆಂಗಳೂರು-ಹುಬ್ಬಳ್ಳಿಯನ್ನು ಆರಿಸಿಕೊಂಡಿತು. 48 ಆಸನಗಳ ಎಟಿಆರ್ ವಿಮಾನ ದಿನಕ್ಕೊಮ್ಮೆ ಬಂದು ಹೋಗುತ್ತಿತ್ತು. ದೊಡ್ಡ ನಗರಗಳ ನಡುವಿನ ಮಾರ್ಗಗಳಿಗೆ ಮುಗಿಬೀಳುತ್ತಿದ್ದ ಆ ಕಾಲದಲ್ಲಿ ಉತ್ತರ ಕರ್ನಾಟಕದ ವ್ಯಾಪಾರಿ ನಗರವೊಂದನ್ನು ಆಯ್ದುಕೊಂಡದ್ದು ಸಣ್ಣ ಸಾಹಸವಲ್ಲ.

ಆದರೆ ಸೇವೆ ಸಂಸ್ಥೆಯ ಭವಿಷ್ಯಕ್ಕೆ ಅಂಟಿಕೊಂಡಿತ್ತು. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನಗೊಂಡಿತು. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಒಂದೆರಡು ಸಂಸ್ಥೆಗಳನ್ನೇ ನೆಚ್ಚಿಕೊಂಡ ನಿಲ್ದಾಣಕ್ಕೆ ಅವುಗಳ ಕಷ್ಟವೇ ತನ್ನ ಕಷ್ಟವಾಗುತ್ತದೆ ಎಂಬುದು ಆಗ ಸ್ಪಷ್ಟವಾಯಿತು.

ಉದ್ದದ ಲೆಕ್ಕಾಚಾರ

ಹಳೆಯ ರನ್‌ವೇ ಉದ್ದ ಸುಮಾರು 1,670 ಮೀಟರ್. ಎಟಿಆರ್‌ನಂತಹ ಪ್ರೊಪೆಲ್ಲರ್ ವಿಮಾನಗಳಿಗೆ ಇಷ್ಟು ಸಾಕು. ಪೂರ್ಣ ಭಾರದ ಎಟಿಆರ್-72 ವಿಮಾನಕ್ಕೆ ಸಮುದ್ರಮಟ್ಟದಲ್ಲಿ ಮೇಲೇರಲು ಸುಮಾರು 1,300 ಮೀಟರ್ ಬೇಕು. ಏರ್‌ಬಸ್ ಎ-320 ಜೆಟ್ ವಿಮಾನಕ್ಕೆ ಸುಮಾರು 2,100 ಮೀಟರ್ ಬೇಕಾಗುತ್ತದೆ.

ಇದು ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ 662 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುವ ಬಲ, ಎಂಜಿನ್‌ನ ಶಕ್ತಿ ಎರಡೂ ಕುಗ್ಗುತ್ತವೆ. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದವನ್ನು ಶೇ 7ರಷ್ಟು ಹೆಚ್ಚಿಸಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸೂತ್ರ. ಅದರಂತೆ ಹುಬ್ಬಳ್ಳಿಗೆ ಶೇ 15ರಷ್ಟು ಹೆಚ್ಚುವರಿ ಉದ್ದ ಬೇಕು. ಬಿಸಿಲಿನ ತಾಪ ನಿಗದಿತ ಮಟ್ಟವನ್ನು ಮೀರಿದರೆ ಪ್ರತಿ ಡಿಗ್ರಿಗೆ ಶೇ 1ರಂತೆ ಮತ್ತೆ ಸೇರಿಸಬೇಕು. ಏಪ್ರಿಲ್-ಮೇ ತಿಂಗಳ ನಡುಮಧ್ಯಾಹ್ನ ವಿಮಾನಗಳು ಹೊರೆ ತಗ್ಗಿಸಿ ಹಾರಬೇಕಾಗಿ ಬರುವುದು ಇದೇ ಕಾರಣಕ್ಕೆ.

ಹೀಗಾಗಿ ಜೆಟ್ ಬೇಕೆಂದರೆ ಹೊಸ ರನ್‌ವೇ ಅನಿವಾರ್ಯವಾಗಿತ್ತು. ಸುತ್ತಲಿನ ರೈತರ ಜಮೀನನ್ನು ರಾಜ್ಯ ಸರ್ಕಾರ ಸ್ವಾಧೀನಪಡಿಸಿಕೊಂಡು ಪ್ರಾಧಿಕಾರಕ್ಕೆ ಹಸ್ತಾಂತರಿಸಿತು. ರನ್‌ವೇ 2,600 ಮೀಟರ್‌ಗೆ ಉದ್ದವಾಯಿತು. ಅಗಲವೂ 30ರಿಂದ 45 ಮೀಟರ್‌ಗೆ ಏರಿತು. ಹೊಸ ಟರ್ಮಿನಲ್ ಕಟ್ಟಡ 2017ರ ಡಿಸೆಂಬರ್ 12ರಂದು ಉದ್ಘಾಟನೆಯಾಯಿತು.

ಅಗಲದ ಮಾತು ಬರಿಯ ಅಂಕಿಅಂಶವಲ್ಲ. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್‌ನ ಬೊಂಬಾರ್ಡಿಯರ್ ವಿಮಾನ ಮಳೆಯಲ್ಲಿ ಇಳಿಯುವಾಗ ರನ್‌ವೇ ಬಿಟ್ಟು ಪಕ್ಕಕ್ಕೆ ಜಾರಿತ್ತು. ವಿಮಾನದ ಚಕ್ರಗಳ ಆಧಾರ ಮುರಿದುಬಿದ್ದಿತ್ತು. ಅದರಲ್ಲಿ 78 ಪ್ರಯಾಣಿಕರೂ ನಾಲ್ವರು ಸಿಬ್ಬಂದಿಯೂ ಇದ್ದರು. 2021ರ ಜೂನ್ 14ರಂದು ಕಣ್ಣೂರಿನಿಂದ ಬಂದ ಇಂಡಿಗೊ ಎಟಿಆರ್ ವಿಮಾನದ ಟೈರ್ ಇಳಿಯುವಾಗ ಸಿಡಿಯಿತು. ಎರಡೂ ಸಂದರ್ಭಗಳಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ಒಂದೇ ರನ್‌ವೇ ಇರುವ ನಿಲ್ದಾಣದಲ್ಲಿ ಒಂದು ವಿಮಾನ ನಿಂತುಬಿಟ್ಟರೆ ಉಳಿದೆಲ್ಲ ಹಾರಾಟವೂ ನಿಲ್ಲುತ್ತದೆ.

ಉಡಾನ್ ತಂದ ಸುಗ್ಗಿ

ಸಜ್ಜಾದ ನಿಲ್ದಾಣಕ್ಕೆ ವಿಮಾನಗಳನ್ನು ತಂದದ್ದು ಕೇಂದ್ರದ ಪ್ರಾದೇಶಿಕ ಸಂಪರ್ಕ ಯೋಜನೆ ‘ಉಡಾನ್’. 2016ರಲ್ಲಿ ಪ್ರಕಟವಾದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಎರಡನೇ ಸುತ್ತಿನ ಹಂಚಿಕೆ 2018ರ ಜನವರಿಯಲ್ಲಿ ಪ್ರಕಟವಾದಾಗ ಹುಬ್ಬಳ್ಳಿಗೆ ಸ್ಥಾನ ದೊರಕಿತು.

ಯೋಜನೆಯ ತಿರುಳು ಸರಳವಾಗಿದೆ. ವಿಮಾನದ ಅರ್ಧದಷ್ಟು ಆಸನಗಳನ್ನು ನಿಗದಿತ ದರಕ್ಕೆ ಮಾರಬೇಕು. ಆರಂಭದಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಆ ಮಿತಿ ಸುಮಾರು ₹ 2,500 ಇತ್ತು. ಇದರಿಂದಾಗುವ ನಷ್ಟವನ್ನು ಸರ್ಕಾರ ಮೂರು ವರ್ಷಗಳ ಕಾಲ ತುಂಬಿಕೊಡುತ್ತದೆ. ಆ ಮೊತ್ತದಲ್ಲಿ ಸಾಮಾನ್ಯವಾಗಿ ಶೇ 80 ಕೇಂದ್ರದ ಪಾಲು, ಶೇ 20 ರಾಜ್ಯದ ಪಾಲು. ಕೇಂದ್ರದ ಪಾಲಿನ ಹಣ ಪ್ರಮುಖ ಮಾರ್ಗಗಳ ವಿಮಾನಗಳ ಮೇಲೆ ವಿಧಿಸುವ ಶುಲ್ಕದಿಂದ ಬರುತ್ತದೆ. ಉಡಾನ್ ವಿಮಾನಗಳಿಗೆ ಇಳಿಯುವ, ನಿಲ್ಲುವ ಶುಲ್ಕವಿಲ್ಲ. ಇಂಧನದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ರಾಜ್ಯವು ಶೇ 1ಕ್ಕೆ ಇಳಿಸಬೇಕು. ಮಾರ್ಗ ಪಡೆದ ಸಂಸ್ಥೆಗೆ ಮೂರು ವರ್ಷ ಪೈಪೋಟಿಯಿಂದ ರಕ್ಷಣೆಯೂ ಇದೆ.

ಇದರ ಫಲ ಬೇಗನೆ ಕಂಡಿತು. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್, ಜುಲೈನಲ್ಲಿ ಇಂಡಿಗೊ ಹುಬ್ಬಳ್ಳಿಯಿಂದ ಸೇವೆ ಆರಂಭಿಸಿದವು. ಅಹಮದಾಬಾದ್, ಚೆನ್ನೈ, ಗೋವಾ, ಕೊಚ್ಚಿಗಳ ಹೆಸರು ನಿಲ್ದಾಣದ ಫಲಕದಲ್ಲಿ ಕಾಣಿಸಿಕೊಂಡಿತು. ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿ 25ರಂದು ತನ್ನ ಸೇವೆಯನ್ನು ಆರಂಭಿಸಿದಾಗ ಮೊದಲ ಮಾರ್ಗಗಳಲ್ಲಿಯೇ ಹುಬ್ಬಳ್ಳಿ ಇತ್ತು. ಅದೇ ವರ್ಷದ ನವೆಂಬರ್ 6ರಂದು ದೆಹಲಿ ಸಮೀಪದ ಹಿಂಡನ್‌ಗೂ ಈ ಸಂಸ್ಥೆ ಹಾರಾಟ ಆರಂಭಿಸಿತು.

ಒಂದೂರಿನ ಲಾಭ, ಇನ್ನೊಂದೂರಿನ ನಷ್ಟ

ಈ ಸುಗ್ಗಿಗೆ ಇನ್ನೊಂದು ಮುಖವಿತ್ತು. ಹುಬ್ಬಳ್ಳಿಗೆ ಉಡಾನ್ ಸಿಕ್ಕಾಗ ನೆರೆಯ ಬೆಳಗಾವಿಗೆ ಸಿಕ್ಕಿರಲಿಲ್ಲ. 1942ರಷ್ಟು ಹಳೆಯದಾದ ಸಾಂಬ್ರಾ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಷ್ಟೇ ಹೊಸ ಟರ್ಮಿನಲ್ ಬಂದಿತ್ತು. ಆದರೂ 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನು ಅಲ್ಲಿಂದ ಹುಬ್ಬಳ್ಳಿಗೆ ಸ್ಥಳಾಂತರಿಸಿತು. ಮೂರನೇ ಸುತ್ತಿನಲ್ಲಿ, 2019ರಲ್ಲಿ, ಬೆಳಗಾವಿಯೂ ಯೋಜನೆಯೊಳಗೆ ಬಂದ ಬಳಿಕವೇ ಅಲ್ಲಿಗೆ ಜೀವ ಬಂದದ್ದು.

ವಿಮಾನ ಸಂಸ್ಥೆಗೆ ಇದು ಸಹಜ ಲೆಕ್ಕ. ಅದರ ಬಳಿ ಇರುವ ಸಣ್ಣ ವಿಮಾನಗಳ ಸಂಖ್ಯೆ ಸೀಮಿತ. ನಷ್ಟ ಎಲ್ಲಿ ಕಡಿಮೆಯೋ ಅಲ್ಲಿಗೆ ಅವು ಹೋಗುತ್ತವೆ. ಬೆಳಗಾವಿ ಕಂಡ ಕಷ್ಟ ಹುಬ್ಬಳ್ಳಿಗೂ ತಪ್ಪಲಿಲ್ಲ. ಕೋವಿಡ್ ಕಾರಣ 2020ರ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಮೊದಲ ಮಾರ್ಗಗಳ ಮೂರು ವರ್ಷದ ನೆರವಿನ ಅವಧಿ ಮುಗಿಯತೊಡಗಿದ್ದೂ 2021ರಿಂದಲೇ. ಕೊಚ್ಚಿ, ಕಣ್ಣೂರಿನಂತಹ ಮಾರ್ಗಗಳು ನಿಂತುಹೋದವು. ಈ ನಡುವೆ ಕಲಬುರಗಿ (2019), ಬೀದರ್ (2020), ಶಿವಮೊಗ್ಗ (2023) ನಿಲ್ದಾಣಗಳೂ ತೆರೆದುಕೊಂಡವು. ಅವೇ ಸಣ್ಣ ವಿಮಾನಗಳಿಗೆ ಬೇಡಿಕೆ ಇಡುವ ಊರುಗಳ ಪಟ್ಟಿ ಬೆಳೆಯಿತು.

ಯಾವ ಮಾರ್ಗ ಉಳಿಯುತ್ತದೆ?

ಉತ್ತರ ಪ್ರಯಾಣಿಕರ ಗಡಿಯಾರದಲ್ಲಿದೆ. ಗದಗಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೊರಟವರು ಹುಬ್ಬಳ್ಳಿ ತಲುಪಲು ಒಂದು ಗಂಟೆಗೂ ಹೆಚ್ಚು ಕಾಲ, ತಪಾಸಣೆಗೆ ಒಂದು ಗಂಟೆ, ಹಾರಾಟಕ್ಕೆ ಒಂದು ಗಂಟೆ, ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಗರ ಸೇರಲು ಮತ್ತೊಂದು ಗಂಟೆಯಿಂದ ಒಂದೂವರೆ ಗಂಟೆ ವ್ಯಯಿಸಬೇಕು. ಒಟ್ಟು ಐದು ಗಂಟೆಯ ಸಮೀಪ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಬೆಂಗಳೂರಿಗೆ ತೆಗೆದುಕೊಳ್ಳುವುದು ಆರು ಗಂಟೆಯ ಆಸುಪಾಸು. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ರೈಲು, ಸ್ಲೀಪರ್ ಬಸ್‌ಗಳಂತೂ ಮೊದಲಿನಿಂದಲೂ ಇವೆ. ಆದ್ದರಿಂದ ಬೆಂಗಳೂರಿನ ವಿಮಾನ ಮುಖ್ಯವಾಗಿ ಅಲ್ಲಿಂದ ಮುಂದೆ ಹಾರುವವರಿಗೆ ಉಪಯುಕ್ತ.

ಮುಂಬೈ ಹಾಗೂ ದೆಹಲಿಯ ಮಾತು ಬೇರೆ. ಮುಂಬೈಗೆ ಒಂದು ರಾತ್ರಿಯ, ದೆಹಲಿಗೆ ಒಂದು ದಿನಕ್ಕೂ ಮೀರಿದ ರೈಲು ಪ್ರಯಾಣವನ್ನು ಜೆಟ್ ವಿಮಾನ ಕೆಲವೇ ಗಂಟೆಗಳಿಗೆ ಇಳಿಸುತ್ತದೆ. ಇಂಡಿಗೊ 2022ರ ನವೆಂಬರ್‌ನಲ್ಲಿ ಹುಬ್ಬಳ್ಳಿ-ದೆಹಲಿ ನೇರ ಸೇವೆ ಆರಂಭಿಸಿತು. ಹಳೆಯ 1,670 ಮೀಟರ್ ರನ್‌ವೇಯಲ್ಲಿ ಇದು ಊಹೆಗೂ ನಿಲುಕದ ಮಾತಾಗಿತ್ತು. ವ್ಯಾಪಾರಿಗಳು, ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಬರುವವರು, ದೂರದ ಆಸ್ಪತ್ರೆಗೆ ಹೋಗುವ ರೋಗಿಗಳು, ಹೊರರಾಜ್ಯದಲ್ಲಿ ಉದ್ಯೋಗದಲ್ಲಿರುವವರು, ಇವರಿಗೆಲ್ಲ ಬೇಕಾದದ್ದು ಇಂತಹ ನೇರ ಸಂಪರ್ಕ. ಅದೂ ದಿನನಿತ್ಯ, ನಂಬಬಹುದಾದ ಸಮಯಕ್ಕೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ವೇಳಾಪಟ್ಟಿ ಇಲ್ಲದಿದ್ದರೆ ವ್ಯಾಪಾರಿಗಳು ರೈಲಿಗೆ ಮರಳುತ್ತಾರೆ. ಆಸನಗಳು ಖಾಲಿ ಉಳಿದರೆ ಸಂಸ್ಥೆ ಹಾರಾಟವನ್ನು ಕಡಿತಗೊಳಿಸುತ್ತದೆ.

ಹೊಸ ಕಟ್ಟಡದ ಮುಂದಿನ ಪ್ರಶ್ನೆ

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ರಾಜ್ಯ ವಿಧಾನಮಂಡಲವು ಹುಬ್ಬಳ್ಳಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಡಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡುವ ನಿರ್ಣಯ ಅಂಗೀಕರಿಸಿತು. 2024ರ ಮಾರ್ಚ್ 10ರಂದು ಪ್ರಧಾನಿ ನರೇಂದ್ರ ಮೋದಿ ಅವರು ಉತ್ತರ ಪ್ರದೇಶದ ಆಜಂಗಢದಿಂದ ಹುಬ್ಬಳ್ಳಿ ಹಾಗೂ ಬೆಳಗಾವಿಯ ಹೊಸ ಟರ್ಮಿನಲ್‌ಗಳಿಗೆ ಶಂಕುಸ್ಥಾಪನೆ ನೆರವೇರಿಸಿದರು.

ಹೆಸರು ಹಾಗೂ ಕಟ್ಟಡ ಎರಡೂ ಊರಿಗೆ ಗೌರವ ತರುವಂಥವು. ಆದರೆ ನಿಲ್ದಾಣದ ಉಳಿವು ಅವುಗಳ ಮೇಲೆ ನಿಂತಿಲ್ಲ. 2003ರಲ್ಲಿ ಒಬ್ಬ ಉದ್ಯಮಿಯ ಧೈರ್ಯದ ಮೇಲೆ, 2018ರಲ್ಲಿ ಸರ್ಕಾರದ ನೆರವಿನ ಮೇಲೆ ಇಲ್ಲಿಗೆ ವಿಮಾನಗಳು ಬಂದವು. ಎರಡಕ್ಕೂ ಅವಧಿ ಇತ್ತು. ನೆರವಿಲ್ಲದೆಯೂ ತುಂಬಿ ಹಾರುವ ದೂರದ ಮಾರ್ಗಗಳು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರಯಾಣಿಕರಿಂದಲೇ ಬೆಳೆಯಬೇಕಿವೆ. ಅದಕ್ಕೆ ಬೇಕಾದ ರನ್‌ವೇ ಈಗಾಗಲೇ ಇದೆ. ಅನುಕೂಲಕರ ವೇಳಾಪಟ್ಟಿ ಮತ್ತು ಗದಗ ಕಡೆಯಿಂದ ನಿಲ್ದಾಣಕ್ಕೆ ಸಮಯಕ್ಕೆ ಸರಿಯಾಗಿ ತಲುಪಿಸುವ ಬಸ್ ಸೌಕರ್ಯ ಕೂಡಿಬಂದರೆ, ಹೊಸ ಟರ್ಮಿನಲ್‌ನ ಕುರ್ಚಿಗಳು ಖಾಲಿ ಉಳಿಯಲಾರವು.