ನಿಮಗಿದು ಗೊತ್ತೇ? ಗುಡಾಣದೊಳಗಿನ ಜ್ಞಾನಿ!

ಮನೆಯಿಲ್ಲ, ಮಠವಿಲ್ಲ. ಬರೆದ ಪುಸ್ತಕ ಒಂದೂ ನಮ್ಮ ಕೈಗೆ ದಕ್ಕಿಲ್ಲ. ಆದರೂ 2,300 ವರ್ಷಗಳಿಂದ ಜನ ಇವನ ಕತೆ ಹೇಳಿಕೊಂಡು ನಗುತ್ತಲೇ ಇದ್ದಾರೆ! ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್ ಇವನು.

ಅಥೆನ್ಸ್ ನಗರದಲ್ಲಿ ಇವನ ವಾಸ ಎಲ್ಲಿತ್ತು ಗೊತ್ತೇ? ದೊಡ್ಡದೊಂದು ಮಣ್ಣಿನ ಗುಡಾಣದಲ್ಲಿ! ಚಿತ್ರಗಳಲ್ಲಿ ಮರದ ಪೀಪಾಯಿ ಕಂಡರೆ ನಂಬಬೇಡಿ. ಅದು ಆಮೇಲಿನವರ ಕೈಚಳಕ.

ನೀರು ಕುಡಿಯಲು ಒಂದು ಬಟ್ಟಲು ಇಟ್ಟುಕೊಂಡಿದ್ದ. ಒಂದು ದಿನ ಮಗುವೊಂದು ಬೊಗಸೆಯಲ್ಲೇ ನೀರು ಕುಡಿಯುವುದನ್ನು ಕಂಡ. ಬಟ್ಟಲನ್ನೂ ಎಸೆದುಬಿಟ್ಟ!

ಮನುಷ್ಯನೆಂದರೆ ಪುಕ್ಕವಿಲ್ಲದ, ಎರಡು ಕಾಲಿನ ಪ್ರಾಣಿ ಎಂದು ಪ್ಲೇಟೋ ಹೇಳಿದನಂತೆ. ಎಲ್ಲರೂ ಭೇಷ್ ಎಂದರು. ಡಯೋಜಿನಿಸ್ ಸುಮ್ಮನಿರುತ್ತಾನೆಯೇ? ಪುಕ್ಕ ಕಿತ್ತ ಕೋಳಿಯೊಂದನ್ನು ಪಾಠ ನಡೆಯುವಲ್ಲಿಗೇ ತಂದು, ಇಗೋ ಪ್ಲೇಟೋ ಹೇಳಿದ ಮನುಷ್ಯ ಎಂದ! ಪಾಪ, 'ಅಗಲ ಉಗುರುಳ್ಳ' ಎಂದು ಆ ವ್ಯಾಖ್ಯೆಗೆ ಬಾಲ ಸೇರಿಸಬೇಕಾಯಿತು.

ಕೊರಿಂಥ್‌ನಲ್ಲಿ ಬಿಸಿಲು ಕಾಯಿಸುತ್ತಿದ್ದ ಇವನೆದುರು ಅಲೆಕ್ಸಾಂಡರನೇ ಬಂದು ನಿಂತ. ಏನು ಬೇಕೋ ಕೇಳು ಎಂದ. ನೀನು ಸ್ವಲ್ಪ ಪಕ್ಕಕ್ಕೆ ಸರಿ, ಬಿಸಿಲು ಬೀಳಲಿ ಎಂಬ ಉತ್ತರ ಬಂತು! ನಡೆದದ್ದೋ ಕಟ್ಟಿದ್ದೋ, ಕತೆಯಂತೂ ಸಾಯುತ್ತಿಲ್ಲ.

ಕಡಲ್ಗಳ್ಳರು ಹಿಡಿದು ಮಾರಾಟಕ್ಕೆ ನಿಲ್ಲಿಸಿದಾಗ, ನಿನಗೇನು ಕೆಲಸ ಬರುತ್ತದೆ ಎಂದು ಕೇಳಿದರು. ಮನುಷ್ಯರನ್ನು ಆಳುವುದು ಎಂದ! ಎದುರಿಗಿದ್ದ ಒಬ್ಬನನ್ನು ತೋರಿಸಿ, ಅವನಿಗೊಬ್ಬ ಯಜಮಾನ ಬೇಕು, ಅವನಿಗೇ ಮಾರಿ ಎಂದ. ಮಾರಿಯೇಬಿಟ್ಟರು! ಕೊಂಡವನ ಮಕ್ಕಳಿಗೆ ಮೇಷ್ಟ್ರಾದ.

ಇವನ ಹೆಸರು ನಮ್ಮ ದೇಶಕ್ಕೂ ಬಂದಿತ್ತು, ಬಲ್ಲಿರಾ? ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನ ದಂಡಿನ ಜೊತೆ ಇವನ ಶಿಷ್ಯ ಒನೆಸಿಕ್ರಿಟಸ್ ತಕ್ಷಶಿಲೆಗೆ ಬಂದ. ಅಲ್ಲಿನ ಬೆತ್ತಲೆ ಸಾಧುಗಳ ಮುಂದೆ ಗುರುವನ್ನು ಹೊಗಳಿದ. ಜಾಣನೇ ಸರಿ, ಆದರೆ ಬಟ್ಟೆ ಬಿಡಲು ನಾಚಿದನಲ್ಲ ಎಂದು ಸಾಧು ಕೊಕ್ಕೆ ಹಾಕಿದನಂತೆ! ಬಟ್ಟಲು ಬಿಟ್ಟವನಿಗೂ ಇಲ್ಲಿ ಪೂರ್ತಿ ಅಂಕ ಸಿಗಲಿಲ್ಲ ನೋಡಿ.

ವ್ಯಾಟಿಕನ್ನಿನಲ್ಲಿರುವ ರಫೇಲನ ಪ್ರಸಿದ್ಧ ಭಿತ್ತಿಚಿತ್ರದಲ್ಲಿ ಪಂಡಿತರೆಲ್ಲ ವಾದದಲ್ಲಿ ಮುಳುಗಿದ್ದಾರೆ. ಇವನೊಬ್ಬ ಮೆಟ್ಟಿಲ ಮೇಲೆ ಕಾಲು ಚಾಚಿ ಒರಗಿದ್ದಾನೆ!

ಶೆರ್ಲಾಕ್ ಹೋಮ್ಸ್ ಕತೆಗಳಲ್ಲಿ 'ಡಯೋಜಿನಿಸ್ ಕ್ಲಬ್' ಬರುತ್ತದೆ. ಅಲ್ಲಿ ಮಾತಾಡುವಂತಿಲ್ಲ! ಪೇಟೆಯಲ್ಲಿ ನಿಂತು ಕಂಡಕಂಡವರನ್ನು ಮೂದಲಿಸಿದವನ ಹೆಸರಲ್ಲಿ ಮೌನದ ಕ್ಲಬ್ಬು.

ಇನ್ನೂ ವಿಚಿತ್ರ ಬೇಕೇ? ಕೆಲವು ವೃದ್ಧರು ತಮ್ಮ ಆರೈಕೆ ಮರೆತು, ಹರಕು ಮುರುಕನ್ನೆಲ್ಲ ಮನೆತುಂಬ ಪೇರಿಸಿಡುತ್ತಾರೆ. 1975ರಲ್ಲಿ ವೈದ್ಯರು ಇದಕ್ಕಿಟ್ಟ ಹೆಸರು 'ಡಯೋಜಿನಿಸ್ ಸಿಂಡ್ರೋಮ್'! ಏನನ್ನೂ ಕೂಡಿಡದವನಿಗೆ ಇದೆಂಥ ಅನ್ಯಾಯ!

ನಾಣ್ಯ ಕೆಡಿಸಿದನೆಂದು ಇವನನ್ನು ಗಡೀಪಾರು ಮಾಡಿದ್ದು ಹುಟ್ಟೂರು ಸಿನೋಪ್. ಈಗ ಅದು ಟರ್ಕಿಯಲ್ಲಿದೆ. ಅಲ್ಲಿ ಯಾರ ಪ್ರತಿಮೆ ನಿಂತಿದೆ ಹೇಳಿ? ಇವನದೇ! ಹಾಡಹಗಲಲ್ಲಿ ಮನುಷ್ಯನನ್ನು ಹುಡುಕಲು ಹಿಡಿದ ದೀಪ ಕೈಯಲ್ಲಿದೆ, ಪಕ್ಕದಲ್ಲಿ ನಾಯಿಯಿದೆ. ಕಾಲ ಕೆಳಗೆ ಮಾತ್ರ, ಅಯ್ಯೋ, ಅದೇ ಪೀಪಾಯಿ!